ಜಗಳಕ್ಕೆ ಮೊದಲಿನ ಚೊಂಬು

ಮೊಳಕಾಲ್ಮೂರು ಕಡೆಯ ಗಡಿ ಹಳ್ಳಿಯ ಶಾಲೆಯಲ್ಲಿ ಸಮಾಜ ಪಾಠದ ಮೇಷ್ಟ್ರೊಬ್ಬರಿದ್ದರು; ನಾನೂ ಅಲ್ಲೇ ಮೇಷ್ಟ್ರು. ಆಂಧ್ರದ ಕುರಿ ಹೊಲಕ್ಕೆ ನುಗ್ಗಿದರೂ ಕುರಿ ಕಾಯುವವನಿಗೆ ಮೊದಲು ನೀರು ಕೊಟ್ಟು, ಆಮೇಲೆ ಬೈಯುವುದು ಅಲ್ಲಿನ ರೂಢಿ. ನೆರೆ ದೇಶಗಳ ಪಾಠ ಬಂದರೆ ಆ ಮೇಷ್ಟ್ರು ಅಂಗಿ ತೋಳು ಮಡಚಿ, ಮಕ್ಕಳನ್ನೇ ದೇಶಗಳಾಗಿ ಕೂರಿಸಿ ಸಭೆ ನಡೆಸುತ್ತಿದ್ದರು. ಭಾರತವಾದ ಮಗು ಚೊಂಬು ಹಿಡಿದು ಎಲ್ಲ ದೇಶಗಳಿಗೂ ನೀರು ಕೊಡುತ್ತ ಸುತ್ತಬೇಕು. "ಮೊದ್ಲು ನೀರು ಕೊಡ್ರಲೇ, ಜಗಳ ಆಮೇಲೆ ಐತೆ!" ಎನ್ನುತ್ತಿದ್ದರು ಮೇಷ್ಟ್ರು.

ಒಂದು ವರ್ಷ ಪಾಕಿಸ್ತಾನವಾಗಲು ಯಾರೂ ಒಪ್ಪಲಿಲ್ಲ. ಮೇಷ್ಟ್ರೇ ಆ ಕುರ್ಚಿಯಲ್ಲಿ ಕೂತರು. ಚೊಂಬು ಹಿಡಿದ ಹುಡುಗಿ ಅವರ ಮುಂದೆ ನಿಂತು ಅತ್ತಳು: "ಪಾಕಿಸ್ತಾನಕ್ಕೆ ನೀರು ಕೊಟ್ರೆ ನಮ್ಮಪ್ಪ ಬೈತಾನೆ ಸಾ."

"ಅಳಬ್ಯಾಡವ್ವ, ನಂಗೆ ಬಾಯಾರಿಲ್ಲ" ಎಂದರು.

ಮರುವರ್ಷ ಆ ಪಾಠವನ್ನು ಪುಸ್ತಕ ನೋಡಿ ಓದಿಸಿದರು. ಪಕ್ಕದ ಕ್ಲಾಸಿನಲ್ಲಿ ನಾನು ಕಿವಿಗೊಟ್ಟೆ. ನೀರೂ ಇಲ್ಲ, ಜಗಳವೂ ಇಲ್ಲ.