ಸೂತಕದ ಮನೆಯ ಹುಳ

ನಮ್ಮೂರಿಗೆ ಸಮುದ್ರ ದೂರ. ಚಂಡಮಾರುತ ಮೊದಲು ಟಿ.ವಿ.ಗೆ ಬರುತ್ತದೆ, ಆಮೇಲೆ ಫೋನಿಗೆ, ಕೊನೆಗೆ ನಮ್ಮ ಹಿಪ್ಪುನೇರಳೆ ತೋಟಕ್ಕೆ. ಬಾಗಲೂರಿನ ಆಚೆ ಇರುವ ನಮ್ಮನ್ನು ತಲುಪುವ ಹೊತ್ತಿಗೆ ಅದರಲ್ಲಿ ಗಾಳಿ ಉಳಿದಿರುವುದಿಲ್ಲ. ಮೂರು ನಾಲ್ಕು ದಿನ ನಿಲ್ಲದ ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಕರೆಂಟಿಲ್ಲದ ಮನೆ, ಅಷ್ಟೇ. ನಮ್ಮದು ಗಡಿಯೂರು, ಊರಿನವರು ಅದನ್ನು ತಮಿಳಿನಲ್ಲಿ ಪುಯಲ್ ಎಂದೇ ಕರೆಯುತ್ತಾರೆ.

ಆ ವರ್ಷ ದೀಪಾವಳಿಯ ನಂತರ ಒಂದರ ಹಿಂದೊಂದು ಮೂರು ಬಂದವು. ಎರಡನೆಯದರ ಎರಡನೇ ದಿನ ಬೆಳಿಗ್ಗೆ ನನ್ನ ಅಕ್ಕ ತೀರಿಕೊಂಡಳು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಾಡಿ ನೋಡಿದೆ, ಕಣ್ಣು ನೋಡಿದೆ, ಗಡಿಯಾರ ನೋಡಿದೆ. ಐದೂ ನಲವತ್ತು. ಆರಕ್ಕೆ ಹುಳಕ್ಕೆ ಸೊಪ್ಪು ಹಾಕಬೇಕು ಎಂಬುದೇ ಮೊದಲು ತಲೆಗೆ ಬಂತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಬಂದದ್ದು ಅದೇ.

ಅಕ್ಕನಿಗೆ ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನು ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ಅವಳ ಜೊತೆ ಬಂದು ನಿಂತೆ. ರೇಷ್ಮೆ ಸಾಕುವುದು ಅವಳ ಕೆಲಸ, ಹೊತ್ತು ನೋಡುವುದು ನನ್ನದು. ಬೆಳಿಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಏಳು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹಿಂದಿನ ದಿನವಷ್ಟೇ ನಮ್ಮ ಹುಳ ನಾಲ್ಕನೇ ಜ್ವರ ಎದ್ದಿತ್ತು. ಅಲ್ಲಿಂದ ಒಂದು ವಾರ ಅದು ತಿನ್ನುತ್ತಲೇ ಇರುತ್ತದೆ. ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ವಾರ ಸೊಪ್ಪು ತಪ್ಪಬಾರದು, ಒದ್ದೆ ಸೊಪ್ಪು ಹಾಕಲೂಬಾರದು. ಹಾಕಿದರೆ ಸಪ್ಪೆ ರೋಗ ಬಂದು, ಹುಳ ಸಾಕುವ ತಟ್ಟೆಗೆ ತಟ್ಟೆಯೇ ಕಪ್ಪಾಗಿ ಕೊಳೆಯುತ್ತದೆ.

ವಿಷಯ ತಿಳಿದು ಎದುರು ಮನೆಯವಳು ಬಂದಳು. ಅವಳೂ ರೇಷ್ಮೆ ಸಾಕುವವಳು. ಗೇಟಿನಿಂದ ಒಳಗೆ ಕಾಲಿಡಲಿಲ್ಲ. ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಅಲ್ಲೇ ಅತ್ತಳು. ಅತ್ತು ಮುಗಿಸಿ, "ಅಕ್ಕಾ, ಹುಳದ್ಮನೆ ಬಾಗ್ಲು ಮುಟ್ಬ್ಯಾಡ. ಸೂತ್ಕ" ಎಂದಳು.

"ಹಂಗಾದ್ರೆ ಸೊಪ್ಪು ಯಾರ್ ಹಾಕ್ತಾರೆ? ನೀನ್ ಹಾಕ್ತೀಯಾ?"

"ನಾನೆಂಗ್ ಬತ್ತೀನಿ? ನನ್ವೂ ನಾಕ್ನೇ ಜ್ವರ ಎದ್ದವೆ. ಸಾವಿನ್ಮನೆ ತುಳ್ದು ಹೋಗಿ ನನ್ ಹುಳ ಮುಟ್ಟಾಕಾಯ್ತದಾ?"

"ಮತ್ತೆ ಏನ್ ಮಾಡ್ಲಿ?"

"ಎತ್ತಿ ತಿಪ್ಪೆಗ್ ಹಾಕ್ಬುಡು. ಹೋದೋಳ್ ಜೊತೆ ಅವೂ ಹೋಗ್ಲಿ."

ಊರಿನಲ್ಲಿ ಈ ಕೆಲಸ ಬಲ್ಲವರೆಲ್ಲ ಒಂದೇ ವಾರ ಹುಳದ ಮರಿ ತಂದವರು. ಎಲ್ಲರ ಮನೆಯಲ್ಲೂ ಹುಳ ಇತ್ತು, ಆದ್ದರಿಂದ ಯಾರೂ ಬರುವಂತಿರಲಿಲ್ಲ. ಅಕ್ಕ ಒಂದು ಬೆಳೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಇದೂ ಗೂಡು ಕಟ್ಟಬೇಕು ಎಂದು ತೀರ್ಮಾನಿಸಿದೆ. ಅದರ ಮುಂದಿನದನ್ನು ಯೋಚಿಸಲಿಲ್ಲ. ರೋಗ ಕೈಯಿಂದ ಹರಡುತ್ತದೆ, ಸಾವಿನಿಂದಲ್ಲ. ಇಷ್ಟು ನನಗೆ ವಾರ್ಡಿನಲ್ಲಿ ಕಲಿಸಿದ್ದರು.

ಹನ್ನೊಂದಕ್ಕೆ ಅವಳನ್ನು ಹೂಳಿದರು. ಗುಂಡಿಯಲ್ಲಿ ಮೊಣಕಾಲುದ್ದ ನೀರು. ದಾಯಾದಿಗಳು ಬಕೆಟ್ಟಿನಲ್ಲಿ ಮೊಗೆದಷ್ಟೂ ತುಂಬುತ್ತಿತ್ತು. "ಬಿರ್‍ರನೆ ಇಳಿಸ್ರಲಾ, ದಡ ಕುಸೀತೈತೆ ಕಣ್ಲಾ" ಎಂದು ಯಾರೋ ಕೂಗಿದರು. ಇಳಿಸಿದರು. ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಹುಳದ ಮನೆಗೆ ಹೋದೆ. ಬೆಳಗಿನ ಸೊಪ್ಪು ತಪ್ಪಿಹೋಗಿತ್ತು. ಮಧ್ಯಾಹ್ನದ್ದು ಇಪ್ಪತ್ತು ನಿಮಿಷ ತಡವಾಯಿತು.

ಕೊಯ್ದು ತಂದ ಸೊಪ್ಪಿನಿಂದ ನೀರು ಸೋರುತ್ತಿತ್ತು. ಫ್ಯಾನಿಗೆ ಕರೆಂಟಿಲ್ಲ. ಒರೆಸಲು ಟವೆಲ್ ಸಾಲಲಿಲ್ಲ. ಅಕ್ಕನ ಟ್ರಂಕು ತೆಗೆದು ಸೀರೆಗಳನ್ನು ಹೊರಗೆ ಹಾಕಿದೆ. ಒಂದೊಂದು ಕಡ್ಡಿಯನ್ನೂ ಕೊಡವಿ, ಎಲೆಯ ಎರಡೂ ಮೈ ಒರೆಸಿ, ತಟ್ಟೆಗೆ ಹಾಕಿದೆ. ನೂಲಿನ ಸೀರೆ ನೀರು ಚೆನ್ನಾಗಿ ಹೀರುತ್ತದೆ, ಪಾಲಿಯೆಸ್ಟರ್ ಹೀರುವುದಿಲ್ಲ. ನಾನು ಗಮನಿಸಿದ್ದು ಅಷ್ಟು. ಒದ್ದೆಯಾದ ಸೀರೆಗಳನ್ನು ಇದ್ದಿಲ ಒಲೆಯ ಮೇಲೆ ಕಾಯಿಸಿ ಮತ್ತೆ ಸಂಜೆಗೆ ಬಳಸಿದೆ.

ಮೂರನೇ ದಿನ ಹಾಲು ತುಪ್ಪಕ್ಕೆ ನೆಂಟರು ಬಂದರು. ಒಂದಕ್ಕೆ ಐದು ನಿಮಿಷವಿದ್ದಾಗ ನಾನು ಎದ್ದೆ. "ನರ್ಸಮ್ಮಂಗೆ ಡ್ಯೂಟಿ ಟೈಮಾಯ್ತು. ಸ್ವಂತ ಅಕ್ಕಂಗೆ ಒಂದ್ ಹನಿ ಕಣ್ಣೀರಿಲ್ಲ, ಹುಳಕ್ಕೆ ಅಂತ ಎದ್ದೋಯ್ತಾಳೆ" ಎಂದು ಒಬ್ಬ ಮುದುಕಿ ನನಗೆ ಕೇಳುವಂತೆಯೇ ಹೇಳಿದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸೊಪ್ಪು ಒರೆಸಲು ಹೋದೆ.

ಏಳನೇ ದಿನ ಹುಳ ಹಣ್ಣಾಯಿತು. ಅಂದು ಬೆಳಿಗ್ಗೆಯೇ ಫೋನಿನಲ್ಲಿ ಮೂರನೇ ಪುಯಲಿನ ಎಚ್ಚರಿಕೆಯೂ ಬಂತು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆಯೆತ್ತಿ ಜಾಗ ಹುಡುಕುತ್ತದೆ. ಅವತ್ತೇ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅದಕ್ಕೆ ನಾಲ್ಕಾರು ಜನ ಬೇಕು. ಹತ್ತು ಗಂಟೆಗೆ ನಾನು ಹನ್ನೆರಡರಲ್ಲಿ ಎರಡು ತಟ್ಟೆ ಮುಗಿಸಿದ್ದೆ. ಉಳಿದ ತಟ್ಟೆಗಳ ಹುಳ ತಿಂದುಳಿದ ಸೊಪ್ಪಿನ ಕಸದಲ್ಲೇ ನೂಲು ಬಿಡತೊಡಗಿತ್ತು. ಈ ಬೆಳೆ ಹೋಯಿತು ಎಂದುಕೊಂಡೆ. ಕೈ ಮಾತ್ರ ನಿಲ್ಲಿಸಲಿಲ್ಲ.

ಆಗ ಎದುರು ಮನೆಯವಳು ಬಂದಳು. ಗೇಟಿನಲ್ಲಿ ನಿಲ್ಲದೆ ನೇರ ಒಳಗೇ ಬಂದಳು.

"ನಿನ್ ಹುಳ?" ಎಂದೆ.

"ಎಲ್ಲಾ ಸಪ್ಪೆ ರೋಗ. ನೆನ್ನೆ ತಿಪ್ಪೆಗ್ ಹಾಕ್ದೆ. ಮುಟ್ಟುದ್ರೆ ಗೊಜ್ಜಾಗೋವು. ಇನ್ ನನಗ್ಯಾವ್ ಮೈಲ್ಗೆ? ಅತ್ಲಾಗ್ ಸರಿ, ಹಣ್ಣ್ ಯಾವ್ದು ಕಾಯ್ ಯಾವ್ದು ನಿಂಗ್ ಗೊತ್ತಾಗಾಕಿಲ್ಲ."

"ಮೊದ್ಲು ಕೈ ತೊಳ್ಕೋ. ಸೋಪ್ ಹಾಕಿ, ಎರಡ್ ಸಲ. ಕಾಲ್ಗೆ ಬ್ಲೀಚಿಂಗ್ ನೀರು."

"ಅಯ್ಯೋ ನಿನ್ನ! ಸತ್ತೋರ್ ಮನೇಲಿ ನನ್ನೇ ಮುಟ್ಬ್ಯಾಡ ಅಂತೀಯಾ?"

"ಹೂಂ. ತೊಳ್ಕೋ."

ತೊಳೆದುಕೊಂಡಳು. ಅವಳ ಬೆರಳು ನನ್ನದಕ್ಕಿಂತ ನಾಲ್ಕು ಪಟ್ಟು ಚುರುಕು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಮಳೆ ಮತ್ತೆ ಹಿಡಿಯಿತು. ನಾಲ್ಕರ ಸುಮಾರಿಗೆ ಅವಳು ಇದ್ದಕ್ಕಿದ್ದಂತೆ ಅಳತೊಡಗಿದಳು, ತನ್ನ ಹುಳಕ್ಕೋ ನನ್ನ ಅಕ್ಕನಿಗೋ ಎಂದು ನಾನು ಕೇಳಲಿಲ್ಲ.

"ಕೈ ನಿಲ್ಲಿಸ್ಬೇಡ, ಇನ್ನೂ ಮೂರ್ ತಟ್ಟೆ ಐತೆ" ಎಂದೆ.

ಅವಳು ಅಳುತ್ತಲೇ ಆರಿಸಿದಳು. ಆರೂವರೆಗೆ ಕೊನೆಯ ತಟ್ಟೆ ಖಾಲಿಯಾಯಿತು. ಸ್ವಲ್ಪ ಹುಳ ಕಸದಲ್ಲಿ ಕೆಟ್ಟಿತ್ತು. ಉಳಿದದ್ದೆಲ್ಲ ಚಂದ್ರಿಕೆಯಲ್ಲಿ ನೂಲುತ್ತಿತ್ತು. ಒಲೆಗೆ ಇದ್ದಿಲು ಹಾಕಿ, ಅವಳಿಗೆ ಕಾಫಿ ಕೊಟ್ಟು ಕಳಿಸಿದೆ.

ಏಳು ಹೊಡೆಯಿತು. ಸೊಪ್ಪು ಹಾಕಲು ಎದ್ದೆ. ತಿನ್ನುವ ಹುಳ ಒಂದೂ ಉಳಿದಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಹುಳದ ಮನೆಯ ಬಾಗಿಲಲ್ಲೇ ನಿಂತಿದ್ದೆ.