ನನ್ನನ್ನು ನಂಬಬೇಡಿ ಎಂದ ಮಾದು

ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಕಾಣಿಸಿಕೊಳ್ಳುವ ಮೊದಲು ಇದೆ. ನಿಮಗೆ ಇದು ಗೊತ್ತಿರಬೇಕು. ಗೊತ್ತಿದ್ದೂ ಕಚ್ಚಿಸಿಕೊಂಡವರನ್ನು ಜಗಲಿಯ ಮೇಲೆ ಕೂರಿಸಿ ಸುಣ್ಣ ಹಚ್ಚುತ್ತೀರಿ, ಎಲೆಮದ್ದು ಕೊಡುವವನನ್ನು ಹುಡುಕುತ್ತೀರಿ, ಆಮೇಲೆ ದೊಣ್ಣೆ ಹಿಡಿದು ನಾಯಿಯನ್ನು ಹುಡುಕುತ್ತೀರಿ. ಅದಕ್ಕೇ ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದ ಬೆಟ್ಟದ ಮೇಲಿನ ಗೆಟ್ಟವಾಡಿಯ ಮಾದುವಿನ ವಿಷಯ ಬರೆಯುತ್ತಿದ್ದೇನೆ.

ಮಾದು ಬೆಟ್ಟದ ಕೆಳಗಿನ ಒಂದು ಪಶುವೈದ್ಯ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದವನು. ಫಾರ್ಮಲಿನ್ ತೊಟ್ಟಿಯಿಂದ ಸತ್ತ ನಾಯಿಗಳನ್ನು ಎತ್ತಿ ಮೇಜಿನ ಮೇಲೆ ಮಲಗಿಸುವುದು, ಮೇಷ್ಟ್ರು ಹೇಳಿದ ಕಡೆ ಎದೆಗೂಡು ಬಿಡಿಸುವುದು, ಪಾಠ ಮುಗಿದ ಮೇಲೆ ಮೇಜು ತೊಳೆಯುವುದು ಅವನ ಕೆಲಸ. ವಿದ್ಯಾರ್ಥಿಗಳು ಆ ಪಾಠವನ್ನು ಒಂದು ವರ್ಷ ಕೇಳಿ ಪಾಸಾಗಿ ಹೋದರು. ಮಾದು ಹತ್ತೊಂಬತ್ತು ಸಲ ಕೇಳಿದ. ಬಾಯಿಪರೀಕ್ಷೆಯ ಹಿಂದಿನ ದಿನ ಡಾಕ್ಟರಾಗಬೇಕಾದವರೆಲ್ಲ ಹಿಂಬಾಗಿಲಿಗೆ ಬಂದು, ಈ ಶ್ವಾಸಕೋಶ ಎಡದ್ದೋ ಬಲದ್ದೋ ಅಣ್ಣಾ ಎಂದು ಕೇಳುತ್ತಿದ್ದರಂತೆ. ಹಾಲೆ ಎಣಿಸಿ, ನಾಲ್ಕಿದ್ದರೆ ಬಲ, ಎರಡಿದ್ದರೆ ಎಡ ಅನ್ನುತ್ತಿದ್ದ. ಅವರ ಬೆರಳು ಹಿಡಿದು ಪಕ್ಕೆಲುಬು ಎಣಿಸುತ್ತಿದ್ದ: ಒಂದೊಂದು ಪಕ್ಕಕ್ಕೆ ಹದಿಮೂರು, ಒಂಬತ್ತು ಎದೆಮೂಳೆ ಮುಟ್ಟುತ್ತವೆ, ಕೊನೆಯದು ಎಲ್ಲಿಗೂ ಮುಟ್ಟದೆ ಮಾಂಸದಲ್ಲಿ ತೇಲುತ್ತದೆ. ನಿಂತ ನಾಯಿಯ ಮುಂಗಾಲಿನ ಮೊಣಕೈ ಎದೆಗೆ ತಾಗುವ ಕಡೆ ಕೈಯಿಡಿ, ಗುಂಡಿಗೆ ಸಿಗುತ್ತದೆ.

ಎರಡು ಸಾವಿರದ ನಾಲ್ಕರಲ್ಲಿ ಊರಿಗೆ ಮರಳಿದ. ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಕೂತು, ತಾನು ಏನು ಕೆಲಸ ಮಾಡುತ್ತಿದ್ದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಅವತ್ತಿನಿಂದ ಊರು ಅವನ ಮುಖಕ್ಕಿಂತ ಮೊದಲು ಅವನ ಕೈ ನೋಡತೊಡಗಿತು. ಅವನ ಹೆಂಡತಿ ವೆಂಕಟಮ್ಮ ಮಜ್ಜಿಗೆ ತೆಗೆದುಕೊಂಡು ಹೋದರೆ ಯಾರೂ ಬೇಡ ಅನ್ನಲಿಲ್ಲ. ಎಲ್ಲರ ಮನೆಯಲ್ಲೂ ಅವತ್ತೇ ಮಜ್ಜಿಗೆ ಉಳಿದಿರುತ್ತಿತ್ತು, ಅಷ್ಟೇ.

ಎರಡು ವರ್ಷ ಕಳೆದ ಮೇಲೆ ಮಾದುವಿನ ನಾಯಿ ಕೆಂಚನ ದನಿ ಒಡೆಯಿತು. ಕಾಡುಹಂದಿ ಬಂದರೆ ಇಡೀ ಕೇರಿಯನ್ನು ಎಬ್ಬಿಸುತ್ತಿದ್ದ ನಾಯಿ, ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತು. ದನಿ ಬದಲಾದ ನಾಯಿ ಅಂದರೆ ನಮ್ಮ ಕಡೆ ಒಂದೇ ಅರ್ಥ. ಆ ಅನುಮಾನ ತಪ್ಪೂ ಅಲ್ಲ. ಹುಚ್ಚು ಹಿಡಿದ ನಾಯಿಯ ದನಿ ಬದಲಾಗುತ್ತದೆ. ವಾರದೊಳಗೆ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಕುಡುಗೋಲು ಕೇಳಲು ಬಂದವರು, ಗೋಣಿಚೀಲದ ಮೇಲೆ ಮಲಗಿದ್ದ ಕೆಂಚನ ಬಾಲ ತುಳಿದರು. ಮೊಣಕಾಲ ಕೆಳಗೆ ಎರಡು ಹಲ್ಲು ಇಳಿದವು.

ಆಕೆಯ ಗಂಡ ರಾಚಪ್ಪ ದೊಣ್ಣೆ ತರುವಷ್ಟರಲ್ಲಿ ಮಾದು ಆಕೆಯನ್ನು ನಲ್ಲಿಯ ಕೆಳಗೆ ಕೂರಿಸಿ ಬಟ್ಟೆ ಸೋಪು ಹಚ್ಚಿ ಗಾಯ ತೊಳೆಯುತ್ತಿದ್ದ. ಕಾಲು ಗಂಟೆ ತೊಳೆದ. ಕೆಂಚನನ್ನು ಸರಪಳಿಯಲ್ಲಿ ಕಟ್ಟಿಯಾಗಿತ್ತು.

"ನಾಯ್ಗ ಉಚ್ಚು ಇಡ್ದದ. ಬುಡು, ಒಂದೇಟ್ಗ ಮುಗಿಸ್ತೀನಿ" ಅಂದ ರಾಚಪ್ಪ.

"ಒಡೀಬ್ಯಾಡಿ ರಾಚಪ್ಪಣ್ಣ. ಅತ್ತು ದಿನ ಕಟ್ಟಾಕಿ ನೋಡ್ಬೇಕು. ಉಚ್ಚಿದ್ರ ಅಷ್ಟರಲ್ಲಿ ಅದೇ ಸಾಯ್ತದ. ಕೊಂದಾಕ್ಬುಟ್ರ ಇತ್ತಾ ಇಲ್ವಾ ಅಂತ ಏಳಕ ಏನೂ ಉಳಿಯಾಕಿಲ್ಲ. ಮೊದ್ಲು ಅಕ್ಕನಿಗ ಊಸಿ ಆಕ್ಸಿ, ಇವತ್ತೇ."

ಸೂಜಿಮದ್ದಿಗೆ ಬೆಟ್ಟದ ಮೇಲೆ ಊಸಿ ಎಂದೇ ಹೆಸರು.

"ದನಿ ಒಡ್ದದಲ್ಲೋ. ಇನ್ನೇನ್ಲಾ ನೋಡದು?"

ಇಲ್ಲಿ ಮಾದು ಒಂದು ತಪ್ಪು ಮಾಡಿದ. ತನಗೆ ತಿಳಿದದ್ದನ್ನು ಹೇಳಿದ.

"ದನಿ ಒಡ್ಯಕ ಇನ್ನೊಂದು ದಾರಿನೂ ಅದ ಕಣಣ್ಣ. ತಲೆಯಿಂದ ಒಂದು ನರ ಒರಡ್ತದ. ಗಂಟ್ಲು ಪಕ್ಕದಲ್ಲೇ ಓದ್ರೂ ನಿಲ್ಲಾಕಿಲ್ಲ. ಅದ್ರ ಒಂದು ಕವಲು ಎದೆಗೂಡೊಳಗ ಇಳ್ದು, ಗುಂಡಿಗ ಮೇಲಿನ ದೊಡ್ಡ ರಕ್ತನಾಳವ ಒಂದು ಸುತ್ತು ಆಕಿ, ಆಮೇಲ ಮೇಲಕ್ಕತ್ತಿ ಗಂಟ್ಲಿಗ ಬತ್ತದ. ಎದೆಯೊಳಗ ಏನಾರ ಅದುಮಿದ್ರ ಮೇಲ ದನಿ ಕೆಡ್ತದ. ಇವನಿಗ ಉಸುರೂ ಬಿಗಿ, ತಟ್ಟಿದ್ರ ಎಡಪಕ್ಕ ಮಂಕು ಕೇಳ್ತದ."

"ಗಂಟ್ಲು ಪಕ್ಕದಲ್ಲೇ ಇದ್ರೂ ಎದೆಗ ಓಗಿ ಬತ್ತದಾ?"

"ನಾವು ಒಂದು ಸೀಲಿಗ ದಿಂಬಂ ಘಾಟಿ ಇಳ್ದು ಸತ್ಯಮಂಗಲಕ್ಕ ಓಗಿ ಬರಾಕಿಲ್ವಾ, ಅಂಗೇ."

"ನಾಯಿ ಒಟ್ಟೆಗೂ ತಾಲ್ಲೂಕಾಪೀಸು ಇಕ್ಬುಟ್ಟಿದ್ದಾನ ದ್ಯಾವ್ರು" ಅಂದರು ಚಿಕ್ಕಲಕ್ಷ್ಮಮ್ಮ, ಕಾಲು ನಲ್ಲಿಯ ಕೆಳಗೆ ಚಾಚಿಕೊಂಡೇ.

ರಾಚಪ್ಪ ನಗಲಿಲ್ಲ. ದೊಣ್ಣೆ ಗೋಡೆಗೆ ಒರಗಿಸಿದ. ಮಾದುವಿಗೆ ಸಮಾಧಾನವಾಯಿತು, ನಾಯಿ ಉಳಿಯಿತು ಎಂದುಕೊಂಡ. ರಾಚಪ್ಪನ ತಲೆಯಲ್ಲಿ ಓಡುತ್ತಿದ್ದುದು ಬೇರೆ.

"ಅಂಗಾದ್ರ ಉಚ್ಚಲ್ಲ ಅಂತೀಯ. ಮತ್ತ ಊಸಿ ಯಾಕ್ಲಾ? ನಾಳ ಆಲೂಗಡ್ಡ ಕೀಳ್ಬೇಕು. ನಡಿಯಮ್ಮಿ ಮನಗ."

ನೋಡಿ ಇವರನ್ನು. ದೊಣ್ಣೆ ಎತ್ತುವಾಗ ನಾಯಿಗೆ ಹುಚ್ಚು. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಅಂದ ಕೂಡಲೇ ಅದೇ ನಾಯಿ ನೆಟ್ಟಗಾಯಿತು. ಈ ಜಾತಿಯ ಲೆಕ್ಕಾಚಾರವನ್ನು ನಾನು ತಾಳಮಲೆಯಲ್ಲಿ ಕಂಡಿದ್ದೇನೆ, ಜೀರಹಳ್ಳಿಯಲ್ಲಿ ಕಂಡಿದ್ದೇನೆ. ಗಂಡಸರ ಕಾಲಿಗೆ ಹಲ್ಲು ಇಳಿದಾಗ ಮಾತ್ರ ಕಂಡಿಲ್ಲ.

ಮಾದು ಗಾಯಕ್ಕೆ ಇನ್ನೊಂದು ಸುತ್ತು ಸೋಪು ಹಚ್ಚಿದ. ಕಚ್ಚಿದ ಕಡೆಯಿಂದ ಆ ರೋಗ ಹೇಗೆ ಹೋಗುತ್ತದೆ ಎಂಬುದೂ ಅವನು ಹತ್ತೊಂಬತ್ತು ಸಲ ಕೇಳಿದ ಪಾಠವೇ. ರಕ್ತದಲ್ಲಿ ಅಲ್ಲ. ಮಾಂಸದಿಂದ ನರಕ್ಕೆ ಹತ್ತಿ, ನರ ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ. ಕಾಲಿನಿಂದ ತಲೆಗೆ ದಾರಿ ಉದ್ದ, ನಡಿಗೆ ನಿಧಾನ, ಅದಕ್ಕೇ ವಾರಗಟ್ಟಲೆ ಏನೂ ಕಾಣುವುದಿಲ್ಲ. ಊಸಿ ಕೆಲಸ ಮಾಡಬೇಕಾದ್ದು ಅದು ದಾರಿಯಲ್ಲಿರುವಾಗಲೇ. ಅದು ಎಷ್ಟು ದಿನ ಎಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಒಂದು ದಿನವನ್ನೂ ಕಳೆಯುವ ಹಾಗಿಲ್ಲ.

ಇಷ್ಟನ್ನು ಬಿಡಿಸಿ ಹೇಳಿದರೆ ರಾಚಪ್ಪ ಇದರಲ್ಲೂ ತನಗೆ ಬೇಕಾದಷ್ಟನ್ನೇ ಆರಿಸಿಕೊಳ್ಳುತ್ತಾನೆ ಎಂದು ಮಾದುವಿಗೆ ಹೊಳೆಯಿತು. ಅವನು ರಾಚಪ್ಪನನ್ನು ಬಿಟ್ಟು ಚಿಕ್ಕಲಕ್ಷ್ಮಮ್ಮನ ಕಡೆ ತಿರುಗಿದ.

"ಅಕ್ಕಾ, ನಾನು ಏಳಿದ್ದ ನಂಬಬ್ಯಾಡಿ. ನಾಯಿ ನಂದು. ಅದ್ನ ಉಳಿಸ್ಕಳಕ ನಾನು ಸುಳ್ಳು ಏಳ್ತಿರಬೌದು. ಊರೆಲ್ಲ ನನ್ ಮೇಲ ಅನುಮಾನ ಪಡ್ತದ, ನೀವೊಬ್ರು ಯಾಕ ನಂಬೀರಿ?"

ಚಿಕ್ಕಲಕ್ಷ್ಮಮ್ಮ ಅವನನ್ನು ನೋಡಿದರು. ಆಮೇಲೆ, ಎಲ್ಲರೂ ನೋಡುವ ಹಾಗೆ, ಅವನ ಕೈ ನೋಡಿದರು. ಆ ಕೈ ಇನ್ನೂ ಸೋಪಿನ ನೊರೆಯಲ್ಲಿ ಅವರ ಕಾಲು ಹಿಡಿದಿತ್ತು.

"ದಿಟ ಕಣಪ್ಪ. ನಿನ್ನ ನಂಬಕಾಗಾಕಿಲ್ಲ" ಅಂದರು. "ಬಸ್ಸೆಷ್ಟೊತ್ಗ?"

ಬೆಟ್ಟದ ಮೇಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ, ಮದ್ದು ಮುಗಿದಿದೆ, ಸತ್ಯಮಂಗಲಕ್ಕೆ ಹೋಗಿ ಅಂದರು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ಅದೊಂದನ್ನು ಬೈದು ಉಳಿದವರೆಲ್ಲ ಹಾಯಾಗಿರುತ್ತೀರಿ. ರೇಷನ್ ಕಾರ್ಡು ತಮಿಳುನಾಡಿನದು, ಗಡಿಯಾಚೆ ಕೇಳಿದರೆ ಏನನ್ನುತ್ತಾರೋ ಎಂದು ರಾಚಪ್ಪ ಗೊಣಗಿದ. ಘಾಟಿ ಇಳಿಯುವುದಕ್ಕಿಂತ ಗಡಿಯಾಚೆಯದೇ ಹತ್ತಿರ ಎಂದು ಮಾದು ಆಕೆಯನ್ನು ಚಾಮರಾಜನಗರದ ಬಸ್ಸು ಹತ್ತಿಸಿದ. ಅಲ್ಲಿ ಯಾರೂ ಕಾರ್ಡು ಕೇಳಲಿಲ್ಲ, ಕಾಲು ತೋರಿಸಿ ಅಂದರು. ಅಲ್ಲಿಯವರೆಗೂ ಕಾರ್ಡು ಕಾರ್ಡು ಎಂದು ಹೆದರಿಸಿದವರು ಯಾರು? ನಾವೇ.

ಈ ಕಥೆಯನ್ನು ಮಾದುವಿನ ಬಾಯಲ್ಲಿ ಕೇಳಿದಾಗ ನನಗೂ ಅನುಮಾನ ಬಂತು. ತಮ್ಮ ಜಾಣತನದ ಕಥೆಯನ್ನು ತಾವೇ ಹೇಳುವವರನ್ನು ನಾನು ನಂಬುವುದಿಲ್ಲ. ಚಿಕ್ಕಲಕ್ಷ್ಮಮ್ಮನ ಮನೆಗೆ ಹೋಗಿ ಕೇಳಿದೆ. ಅಕ್ಕಿ ಡಬ್ಬಿಯಿಂದ ಆಸ್ಪತ್ರೆ ಚೀಟಿ ತೆಗೆದು ತೋರಿಸಿದರು: ಕಚ್ಚಿದ ದಿನ ಒಂದು, ಮೂರಕ್ಕೆ, ಏಳಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತೆಂಟಕ್ಕೆ. ಐದೂ ಆಗಿದ್ದವು.

ಕೆಂಚ ಹತ್ತು ದಿನ ದಾಟಿದ. ತಿಂಗಳೂ ದಾಟಿದ. ಊಟ ಕಡಿಮೆಯಾಯಿತು, ಉಸಿರಿಗೆ ಹೊಟ್ಟೆ ಏರಿಳಿಯತೊಡಗಿತು. ಏಳನೇ ವಾರದಲ್ಲಿ ಒಂದು ಮಧ್ಯಾಹ್ನ ಸತ್ತ. ಮಾದು ಹಿತ್ತಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಕೈಗವಸು ಹಾಕಿಕೊಂಡು, ಎಡಪಕ್ಕದ ಎಲುಬುಗಳನ್ನು ಬಿಡಿಸಿದ. ತೊಟ್ಟಿಯಿಂದ ತೆಗೆದ ಹೆಸರಿಲ್ಲದ ನಾಯಿಗಳನ್ನು ಮಾತ್ರ ಬಿಡಿಸಿದ್ದವನು, ನಡುವೆ ಎರಡು ಸಲ ಎದ್ದುಹೋಗಿ ಬಂದ ಎಂದು ವೆಂಕಟಮ್ಮ ಹೇಳಿದರು. ಗುಂಡಿಗೆಯ ಮೇಲೆ, ಆ ನರ ಸುತ್ತು ಹಾಕುವ ಜಾಗದಲ್ಲೇ, ನಿಂಬೆಹಣ್ಣಿನ ಗಾತ್ರದ ಗಂಟು. ರಾಚಪ್ಪ ಮೂಗಿಗೆ ಟವೆಲ್ ಒತ್ತಿಕೊಂಡು ಬೇಲಿಯಾಚೆಯಿಂದ ನೋಡುತ್ತಿದ್ದ.

"ಅಂಗಾದ್ರ ಉಚ್ಚು ಇರ್ನೇ ಇಲ್ಲ. ಐದು ಊಸಿನೂ ದಂಡ."

"ದಂಡ ಆಗ್ಲಿ ಅಂತ್ಲೇ ಆಕ್ಸಿದ್ದು ಕಣಣ್ಣ" ಅಂದ ಮಾದು.

ರಾಚಪ್ಪನಿಗೆ ಅದು ಅರ್ಥವಾಗಲಿಲ್ಲ. ಆಗಿದ್ದರೆ ಅವನು ಈಗ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ದನಿ ಒಡೆದ ನಾಯಿಗೆಲ್ಲ ಹುಚ್ಚಿರುವುದಿಲ್ಲ, ಎದೆಯಲ್ಲಿ ಗಂಟಿರುತ್ತದೆ, ನಾನೇ ಕಣ್ಣಾರೆ ಕಂಡಿದ್ದೇನೆ, ಊಸಿಗೆ ಓಡಬೇಡಿ ಎಂದು ಹೇಳುತ್ತಿರಲಿಲ್ಲ. ಹೌದು, ಅದನ್ನೇ ಹೇಳುತ್ತಿದ್ದಾನೆ. ಕೇಳುವವರು ತಲೆಯಾಡಿಸುತ್ತಿದ್ದಾರೆ. ಅವರಲ್ಲಿ ಯಾರದೋ ಹೆಂಡತಿಗೆ ಒಂದು ದಿನ ನಾಯಿ ಕಚ್ಚುತ್ತದೆ.

ಆದ್ದರಿಂದ, ನೀವೂ ತಲೆಯಾಡಿಸುವವರೇ ಎಂದು ನಿಮ್ಮ ಮೇಲೆ ನನಗಿರುವ ಅನುಮಾನವನ್ನು ಸುಳ್ಳು ಮಾಡಿ. ಯಾರಿಗೂ ನಾಯಿ ಕಚ್ಚದ ದಿನವೇ, ಅಂದರೆ ನಾಳೆಯೇ, ನಿಮ್ಮೂರಿಗೆ ಹತ್ತಿರದ ಆಸ್ಪತ್ರೆಗೆ ಹೋಗಿ. ನಾಯಿ ಕಡಿತದ ಮದ್ದು ಇವತ್ತು ಇದೆಯೇ ಎಂದು ಕೇಳಿ. ಇಲ್ಲ ಅಂದರೆ ಹಾಗೆಂದು ಬರೆದು ಸಹಿ ಹಾಕಿಸಿಕೊಳ್ಳಿ. ಇದೆ ಅಂದರೆ ಫ್ರಿಜ್ಜಿನ ಬಾಗಿಲು ತೆಗೆಸಿ, ನೋಡಿ ಬನ್ನಿ.