ಹಸಿರು ಶಾಲು ಹೊದ್ದು ಬೀಗ ಹಾಕಿಸಿದ್ದು

ಆ ಹಸಿರು ಶಾಲನ್ನು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಪ್ಲಾಸ್ಟಿಕ್ ಕವರಿನಿಂದ ಆಗಷ್ಟೇ ತೆಗೆದದ್ದು, ಮಡಿಕೆ ಕೂಡ ಬಿಟ್ಟಿರಲಿಲ್ಲ. ಹೊದಿಸಿದವನು ನಮ್ಮ ಯಸಳೂರು ಕಡೆಯ ಗುಡ್ಡಗಳನ್ನು ಕೊಂಡು, ಕಾಫಿ ಗಿಡ ಕಿತ್ತು, ಸೈಟು ಮಾಡಿ ಮಾರುವ ಲೇಔಟ್ ಮಾಲೀಕ. ಹೊದ್ದವನು ನಾನು, ಎರಡೂವರೆ ಎಕರೆ ಕಾಫಿಯ ಬೆಳೆಗಾರ.

ಜಮೀನಿನ ಸರ್ಕಾರಿ ದರವನ್ನೂ ನೋಂದಣಿ ಶುಲ್ಕವನ್ನೂ ಏರಿಸುತ್ತಾರೆಂಬ ಸುದ್ದಿ ಬಂದಿತ್ತು. ಅವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬೀಳದೆ ಏನು? ಇವರ ವ್ಯಾಪಾರವೇ ಹಾಗೆ, ಪತ್ರದಲ್ಲಿ ಬರೆಸುವ ದರ ಒಂದು, ಕೈಯಿಂದ ಕೈಗೆ ಹೋಗುವುದು ಇನ್ನೊಂದು. ಸರ್ಕಾರಿ ದರ ಏರಿದರೆ ಪತ್ರದ ದರವೂ ಏರಲೇಬೇಕು, ಮುಚ್ಚಿಟ್ಟದ್ದು ಅಷ್ಟರಮಟ್ಟಿಗೆ ಬಯಲಾಗುತ್ತದೆ. ನೋಂದಣಿ ಕಚೇರಿಯ ಮುಂದೆ ಧರಣಿ ಕೂರಲು ಹೊರಟ, ಆದರೆ ಇದನ್ನೆಲ್ಲ ಬೋರ್ಡಿನ ಮೇಲೆ ಬರೆಯಲಾಗುತ್ತದೆಯೇ? ‘ಬಡ ರೈತರ ಭೂಮಿ ಉಳಿಸಿ’ ಎಂದು ಬರೆಸಿದ. ಅದನ್ನು ಹಿಡಿಯಲು ಒಬ್ಬ ರೈತ ಬೇಕಲ್ಲ, ನಮ್ಮ ಮನೆಗೆ ಬಂದ.

ನನಗೂ ನೋಂದಣಿ ಕಚೇರಿಯಲ್ಲಿ ಕೆಲಸವಿತ್ತು. ಅಕ್ಕನಿಗೆ ಅರ್ಧ ಎಕರೆ ದಾನಪತ್ರ ಮಾಡಿಕೊಡುವುದಿತ್ತು. ಭಾವ ತೀರಿಕೊಂಡ ಮೇಲೆ ಅವಳು ಮಗ್ಗೆ ಕಡೆಯ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದಳು. ಕೆಲಸ ಬಿಟ್ಟ ದಿನ ಲೈನಿನ ಮನೆಯನ್ನೂ ಬಿಡಬೇಕು. ಅಷ್ಟರೊಳಗೆ ಸ್ವಂತದ್ದೊಂದು ಸೂರು ಕಟ್ಟಿಕೊಳ್ಳಬೇಕೆಂಬುದೊಂದೇ ಅವಳ ಆಸೆ. ಸರ್ವೆ ನಕ್ಷೆಗಾಗಿ ಚಪ್ಪಲಿ ಸವೆಸಿದ ಮೇಲೆ, ಸೋಮವಾರ ಹನ್ನೊಂದು ಗಂಟೆಗೆ ಸಕಲೇಶಪುರದಲ್ಲಿ ನಮಗೆ ಸ್ಲಾಟ್ ಸಿಕ್ಕಿತ್ತು.

‘ನಿಮ್ಮಕ್ಕನ ಪತ್ರಕ್ಕೂ ಇದೇ ಬರೆ ಬೀಳೋದು ಮಾರಾಯ. ಸೋಮವಾರ ಹೆಂಗೂ ಬತ್ತೀಯಲ್ಲ, ಒಂದು ಗಂಟೆ ನಮ್ ಜೊತೆ ಕೂತ್ಕೊ. ಆಮೇಲೆ ನಿನ್ ಕೆಲ್ಸ ನಾನೇ ಮಾಡಿಸ್ಕೊಡ್ತೀನಿ ಕಣೋ,’ ಎಂದ.

ನಂಬಿದೆ. ಕಚೇರಿಯೊಳಗೆ ಹೋಗಿ ಒಂದು ಮಾತು ಕೇಳುವಷ್ಟು ಬುದ್ಧಿಯೂ ನನಗಿರಲಿಲ್ಲ.

ಸೋಮವಾರ ಹತ್ತು ಗಂಟೆಗೆ ನನ್ನನ್ನು ಕಚೇರಿಯ ಮೆಟ್ಟಿಲ ಮೇಲೆ, ಎಲ್ಲರಿಗಿಂತ ಮುಂದೆ ಕೂರಿಸಿದರು. ಹಿಂದೆಲ್ಲ ಇಸ್ತ್ರಿ ಅಂಗಿಯ ಸೈಟು ವ್ಯಾಪಾರಿಗಳು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಬಾಗಿಲೆಳೆದು ಬೀಗ ಜಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಯ್ಯೋ, ನಾನೂ ತಟ್ಟಿದೆ!

ಅಕ್ಕ ಬಸ್ಸಿಳಿದು ಬಂದಳು. ಕಾಫಿ ಹಣ್ಣು ಕೊಯ್ಲಿನ ಕಾಲ. ಹಾಜರಿ ಬರೆಯುವ ಎಸ್ಟೇಟಿನ ರೈಟರನ್ನು ಕಾಡಿ ಬೇಡಿ ಒಂದು ದಿನದ ರಜೆ ಪಡೆದಿದ್ದಳು. ಬೀಗ ನೋಡಿದಳು, ಶಾಲು ನೋಡಿದಳು. ನನ್ನ ಕೈಯ ಬೋರ್ಡನ್ನು ನಿಧಾನವಾಗಿ ಓದಿದಳು.

‘ನನ್ ಭೂಮಿಗೆ ಬೀಗ ಹಾಕ್ಸಿ ಯಾರ್ದು ಉಳಿಸ್ತಾ ಇದ್ದೀಯೋ?’

ನಾನೆದ್ದು ಲೇಔಟ್ ಮಾಲೀಕನ ಹತ್ತಿರ ಹೋಗಿ, ನಮ್ಮದೊಂದು ಪತ್ರಕ್ಕಾದರೂ ಬಾಗಿಲು ತೆಗೆಸಿ ಎಂದೆ. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

‘ಕೂತ್ಕೊಳೋ ಮಾರಾಯ, ಫೋಟೋದೋರು ಇನ್ನೂ ಬಂದಿಲ್ಲ.’

ಶಾಲನ್ನು ಅವನ ಕಾಲ ಬುಡಕ್ಕೆ ಎಸೆದೆ. ಎಸೆದು ಏನು ಬಂತು? ಹನ್ನೊಂದು ದಾಟಿಹೋಯಿತು. ಅಕ್ಕ ನನ್ನ ಜೊತೆ ಒಂದು ಲೋಟ ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದಳು.

ಮೂರು ವಾರದ ಮೇಲೆ ಮತ್ತೆ ಸ್ಲಾಟ್ ಸಿಕ್ಕಿತು. ಆ ಹೊತ್ತಿಗೆ ದರವೂ ಏರಿತ್ತು. ಎಷ್ಟು ಹೆಚ್ಚಾಯಿತು ಎಂದು ಹೆದರುತ್ತಲೇ ಗುಮಾಸ್ತೆಯನ್ನು ಕೇಳಿದೆ. ‘ಒಡಹುಟ್ಟಿದೋರ ದಾನಪತ್ರ ಅಲ್ವಾ? ಇದಕ್ಕೆ ಶುಲ್ಕ ಮೊದ್ಲಿಂದ್ಲೂ ನಿಗದಿ. ಆ ಏರಿಕೆ ಇದಕ್ಕೆ ತಾಗೋದೇ ಇಲ್ಲ,’ ಎಂದರು ಆಕೆ.

ದಿನಕ್ಕೆ ಹತ್ತು ಪತ್ರ ಮಾಡಿಸುವ ಆ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನಿಗೆ ಬೇಕಿದ್ದುದು ನನ್ನ ಬಿಸಿಲಿಗೆ ಕಪ್ಪಾದ ಮುಖ ಮಾತ್ರ.

ಅಧಿಕಾರಿ ಕಾಗದ ನೋಡಿ ಅಕ್ಕನನ್ನು ಕೇಳಿದರು, ‘ದಾನ ಕೊಡ್ತಿರೋರು ನಿಮಗೇನಾಗ್ಬೇಕಮ್ಮ?’

‘ನನ್ ತಮ್ಮ ಸಾರ್,’ ಎಂದಳು ಅಕ್ಕ. ‘ಹೋದ್ಸಲ ನಿಮ್ ಬಾಗ್ಲಿಗೆ ಬೀಗ ಹಾಕ್ಸಿದ್ನಲ್ಲ, ಅವ್ನೇ.’